ನೂಕುನುಗ್ಗಲಿನ ಲೆಕ್ಕ ಬರೆದ ಕ್ರಾಮರ್ಸ್

ಮುಳಬಾಗಿಲಿನ ಹತ್ತಿರದ ಕುರುಡುಮಲೆ ಗಣಪನ ಗುಡಿಗೆ ಚೌತಿಯ ದಿನ ಹೋದವರಿಗೆ ನೂಕುನುಗ್ಗಲು ಅಂದರೆ ಏನೆಂದು ಹೇಳಬೇಕಿಲ್ಲ. ಹೊಸ್ತಿಲನ್ನು ನಾವಾಗಿ ದಾಟುವುದಿಲ್ಲ, ಹಿಂದಿನವರು ತಳ್ಳಿ ದಾಟಿಸುತ್ತಾರೆ. ಮುಂದೆ ಹೋಗದಂತೆ ತಡೆಯುವುದೂ ಅದೇ ಜನ! ಅಣುಗಳ ಲೋಕದ ಇಂಥದೇ ನೂಕಾಟಕ್ಕೆ ಲೆಕ್ಕ ಬರೆದವರು ಹೆಂಡ್ರಿಕ್ ಕ್ರಾಮರ್ಸ್.

1894ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಡಾಕ್ಟರೊಬ್ಬರ ಮಗನಾಗಿ ಹುಟ್ಟಿದ ಕ್ರಾಮರ್ಸ್, ಲೈಡನ್‌ನಲ್ಲಿ ಎರೆನ್‌ಫೆಸ್ಟ್ ಅವರ ಬಳಿ ಓದಿದರು. 1916ರಲ್ಲಿ, ಮಹಾಯುದ್ಧದ ನಡುವೆಯೇ, ಮುಖಪರಿಚಯವೂ ಇಲ್ಲದ ನೀಲ್ಸ್ ಬೋರ್ ಅವರನ್ನು ಹುಡುಕಿಕೊಂಡು ಕೋಪನ್‌ಹೇಗನ್‌ಗೆ ಹೋದರು. ಮುಂದಿನ ಹತ್ತು ವರ್ಷ ಬೋರ್ ಅವರ ಬಲಗೈ. 1925ರಲ್ಲಿ ಹೈಸೆನ್‌ಬರ್ಗ್ ಜೊತೆ ಬರೆದ ಸೂತ್ರದಲ್ಲಿ, ಅಣುವಿಗೆ ಬಡಿದು ಚದುರುವ ಬೆಳಕು ಬಣ್ಣ ಬದಲಿಸಬಹುದು ಎಂಬ ಸಂಗತಿಯೂ ಅಡಗಿತ್ತು. 1928ರಲ್ಲಿ ನಮ್ಮ ಸಿ.ವಿ. ರಾಮನ್ ಅದನ್ನು ದ್ರವಗಳಲ್ಲಿ ಕಣ್ಣಾರೆ ಕಂಡರು. 1933ರಲ್ಲಿ ಗುರು ಎರೆನ್‌ಫೆಸ್ಟ್ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ ಆ ಖಾಲಿ ಕುರ್ಚಿಯಲ್ಲಿ ಕೂತವರು ಕ್ರಾಮರ್ಸ್.

ನಾವು ಹೇಳಹೊರಟಿದ್ದು ಅವರ 1940ರ ಲೇಖನದ ಬಗ್ಗೆ. ಶ್ರೀನಿವಾಸಪುರದ ಮಾವಿನಕಾಯಿ ಹುಲ್ಲಿನ ಬೆಚ್ಚಗಿನಲ್ಲಿ ಬೇಗ ಹಣ್ಣಾಗುತ್ತದೆ, ಫ್ರಿಜ್‌ನಲ್ಲಿ ತಡ. ಬಿಸಿಗೆ ಎಲ್ಲ ಅಣುಗಳೂ ಜೋರಾಗಿ ಓಡುತ್ತವೆ, ಅದಕ್ಕೇ ಹೀಗೆ ಎಂದು ಹಲವರು ಅಂದುಕೊಂಡಿದ್ದಾರೆ. ಇದು ಅರ್ಧ ಸತ್ಯ. 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಅಣುಗಳ ಸರಾಸರಿ ಶಕ್ತಿ ಹೆಚ್ಚುವುದು ಶೇ. 3ರಷ್ಟು ಮಾತ್ರ. ಆದರೂ ಎಷ್ಟೋ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಏಕೆಂದರೆ ಕ್ರಿಯೆ ನಡೆಯಲು ಅಣು ಶಕ್ತಿಯ ಒಂದು ದಿಬ್ಬ ಹತ್ತಿ ಆಚೆ ಇಳಿಯಬೇಕು. ಸರಾಸರಿ ಅಣುವಿಗೆ ಅದು ಎಟುಕದು. ಅಕ್ಕಪಕ್ಕದವುಗಳಿಂದ ಅದೃಷ್ಟಕ್ಕೆ ಸಾಲು ಸಾಲು ತಳ್ಳುವಿಕೆ ಸಿಕ್ಕ ಕೆಲವೇ ಅಣುಗಳು ದಾಟುತ್ತವೆ. ಸ್ವಲ್ಪ ಬಿಸಿಗೆ ಬಹಳ ಹೆಚ್ಚುವುದು ಈ ಕೆಲವರ ಸಂಖ್ಯೆ.

ಇಷ್ಟು ಮೊದಲೇ ಗೊತ್ತಿತ್ತು. ಕ್ರಾಮರ್ಸ್ ಕೇಳಿಕೊಂಡದ್ದು, ಸುತ್ತಲಿನ ಘರ್ಷಣೆಯ ಪಾತ್ರವೇನು ಎಂದು. ಘರ್ಷಣೆ ಎಂದರೆ ಬರೀ ಅಡ್ಡಿ ಎಂದುಕೊಳ್ಳುವುದು ಸಹಜ. ಆದರೆ ಕಣವನ್ನು ತಡೆಯುವುದೂ ತಳ್ಳುವುದೂ ಸುತ್ತಲಿನ ಅವೇ ಅಣುಗಳು. ಘರ್ಷಣೆ ತೀರಾ ಕಡಿಮೆಯಾದರೆ ಕಣಕ್ಕೆ ಶಕ್ತಿ ಕೊಡುವವರಿಲ್ಲ, ಅದು ಗುಂಡಿಯಲ್ಲೇ ಉಳಿಯುತ್ತದೆ. ತೀರಾ ಹೆಚ್ಚಾದರೆ ದಿಬ್ಬದ ನೆತ್ತಿಯಲ್ಲೂ ಹಿಂದೆ ಮುಂದೆ ತೂರಾಡುತ್ತದೆ. ದಾಟುವುದು ಅತಿ ಬೇಗ ಆಗುವುದು ಇವೆರಡರ ನಡುವೆ. ಎರಡು ತುದಿಗಳಿಗೂ ಅವರು ಸೂತ್ರ ಕೊಟ್ಟರು. ನಡುವಿನ ಭಾಗ ಅವರಿಗೆ ಪೂರ್ತಿ ಬಗ್ಗಲಿಲ್ಲ.

ಲೇಖನ ಅಚ್ಚಾದ ಹೊತ್ತಿಗೆ ಲೋಕಕ್ಕೆ ಬೇರೆಯೇ ಚಿಂತೆ. ಆ ಮೇ ತಿಂಗಳಲ್ಲೇ ಜರ್ಮನಿ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡಿತು. ನವೆಂಬರಿನಲ್ಲಿ ಯಹೂದಿ ಅಧ್ಯಾಪಕರನ್ನು ತೆಗೆದುಹಾಕಿದ್ದಕ್ಕೆ ಲೈಡನ್ ವಿದ್ಯಾರ್ಥಿಗಳು ತಿರುಗಿಬಿದ್ದರು, ವಿಶ್ವವಿದ್ಯಾಲಯವನ್ನೇ ಮುಚ್ಚಿಸಲಾಯಿತು. ಅತ್ತ ಅಮೆರಿಕದಲ್ಲಿ ಎಸ್. ಚಂದ್ರಶೇಖರ್ 1943ರ ತಮ್ಮ ದೊಡ್ಡ ಲೇಖನದಲ್ಲಿ ಈ ಲೆಕ್ಕವನ್ನು ಬಿಡಿಸಿ ವಿವರಿಸಿದರು. ಹಲವರು ಕ್ರಾಮರ್ಸ್ ಅವರನ್ನು ಓದಿದ್ದು ಹಾಗೆಯೇ ಎಂದು ನಮ್ಮ ಊಹೆ.

ಕ್ರಾಮರ್ಸ್ ತೀರಿಕೊಂಡದ್ದು 1952ರಲ್ಲಿ, 57ನೇ ವಯಸ್ಸಿನಲ್ಲಿ. ಅವರು ಬಿಟ್ಟುಹೋದ ನಡುವಿನ ಭಾಗಕ್ಕೆ ಉತ್ತರ ಸಿಕ್ಕಿದ್ದು 1980ರ ದಶಕದಲ್ಲಿ. 1999ರಲ್ಲಿ ಲೇಸರ್ ಬೆಳಕಿನ ಎರಡು ಬಲೆಗಳ ನಡುವೆ ಒಂದೇ ಒಂದು ಪುಟ್ಟ ಕಣ ಜಿಗಿಯುವುದನ್ನು ಅಳೆದು ನೋಡಿದಾಗ, ಲೆಕ್ಕ ಸರಿಯಾಗಿಯೇ ಇತ್ತು.