ಹಕ್ಕಿ ಲೆಕ್ಕ, ಮಂಗನ ಕಾಯಿಲೆ

ಡೇಟಾ ಇಲ್ದೆ ಪ್ರಾಜೆಕ್ಟ್ ರಿವ್ಯೂಗೆ ಹೋದ್ರೆ ಏನಾಗುತ್ತೆ ಅಂತ ನಮಗೆಲ್ಲಾ ಗೊತ್ತು. ಅಂಥದ್ದೇ ಪೇಚಾಟ ಒಮ್ಮೆ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಬಂದಿತ್ತು. ಅದು ಶುರುವಾಗಿದ್ದು ನಮ್ಮ ಸೊರಬದ ಕಾಡಿನಲ್ಲಿ, ಅದಕ್ಕೆ ಉತ್ತರ ಹುಡುಕಲು ಹೊರಟವರಲ್ಲಿ ಒಬ್ಬರು ಪಕ್ಷಿತಜ್ಞ ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು, ಬೆಳೆದದ್ದು ಸೋದರಮಾವನ ಮನೆಯಲ್ಲಿ. ಹುಡುಗನಿದ್ದಾಗ ಒಂದು ಗುಬ್ಬಿ ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದ್ಯಾವ ಹಕ್ಕಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವರು ಮುಂದೆ ಬದುಕನ್ನೇ ಹಕ್ಕಿಗಳಿಗೆ ಕೊಟ್ಟರು. ಡಿಗ್ರಿ ಇಲ್ಲವೆಂದು ಸರ್ಕಾರಿ ಕೆಲಸ ಕೈತಪ್ಪಿದರೂ ಊರೂರು ಅಲೆದು ಹಕ್ಕಿಗಳ ಲೆಕ್ಕ ಬರೆದರು. 1939-40ರಲ್ಲಿ ಮೈಸೂರು ಸಂಸ್ಥಾನದ ಸರ್ವೆಯನ್ನೂ ಮಾಡಿದರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿ ಬಂದವರಿಗೂ ಜ್ವರ ಬಂತು, ಸಾವುಗಳಾದವು. ಸೊರಬ, ಸಾಗರ, ಶಿಕಾರಿಪುರದ ಹಳ್ಳಿಗಳಲ್ಲಿ ಭಯ ಹಬ್ಬಿತು. ಮೊದಲು ಹಳದಿ ಜ್ವರದ ಅನುಮಾನ ಬಂತು. ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಉಣುಗಿನಿಂದ ಹರಡೋ ಹೊಸ ವೈರಸ್. ಅದರ ಹತ್ತಿರದ ನೆಂಟ ಇದ್ದದ್ದು ದೂರದ ರಷ್ಯಾದಲ್ಲಿ!

ಹಾಗಾದ್ರೆ ಚಳಿಗಾಲಕ್ಕೆ ಸೈಬೀರಿಯಾದಿಂದ ಬರೋ ಹಕ್ಕಿಗಳು ಮೈಮೇಲಿನ ಉಣುಗಿನ ಜೊತೆ ರೋಗ ತಂದವಾ? ಒಳ್ಳೆ ಪ್ರಶ್ನೆ. ಆದರೆ ಯಾವ ಹಕ್ಕಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅನ್ನೋ ಮಾಹಿತಿ ನಮ್ಮಲ್ಲಿ ತೀರಾ ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿ ಮತ್ತು ಸೊಸೈಟಿಯವರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡೋ ಕೆಲಸ ಶುರುಮಾಡಿದರು. ಹಕ್ಕಿ ಇನ್ನೆಲ್ಲೋ ಸಿಕ್ಕರೆ ಆ ಒಂದು ನಂಬರ್ ಒಂದು ಡೇಟಾ ಪಾಯಿಂಟ್. ಮುಂದೆ ಅಮೆರಿಕದ ಸೇನೆಯ ಹಣವೂ ಬಂದದ್ದರಿಂದ 70ರ ದಶಕದಲ್ಲಿ ಸಂಸತ್ತಿನವರೆಗೂ ಅನುಮಾನ ಎದ್ದಿತು. ಡೇಟಾ ಯಾರ ದುಡ್ಡಲ್ಲಿ, ಯಾರಿಗಾಗಿ ಅನ್ನೋ ಪ್ರಶ್ನೆ ಇವತ್ತಿನದಷ್ಟೇ ಅಲ್ಲ.

ಹಕ್ಕಿಗಳೇ ರೋಗ ತಂದವು ಅಂತ ಕೊನೆಗೂ ರುಜುವಾತಾಗಲಿಲ್ಲ. ಆದರೆ ವಲಸೆ ಹಕ್ಕಿಗಳ ದಾರಿಯ ಬಗ್ಗೆ ದೇಶಕ್ಕೆ ದೊಡ್ಡ ಲೆಕ್ಕಪುಸ್ತಕವೇ ಸಿಕ್ಕಿತು. ಸಲೀಂ ಅಲಿ 1987ರಲ್ಲಿ ತೀರಿಕೊಂಡರು. ಮಂಗನ ಕಾಯಿಲೆ ಮಾತ್ರ ಇನ್ನೂ ಮಲೆನಾಡು ಬಿಟ್ಟಿಲ್ಲ.

ರೋಗ ಬಂದ ಮೇಲೆ ಲೆಕ್ಕ ಹುಡುಕಿದರೆ ತಡವಾಗಿರುತ್ತೆ. ಈ ಸಲ ಊರಿಗೆ ಹೋದಾಗ ಕಾಡಂಚಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆದರೆ ಸುಮ್ಮನೆ ದಾಟಿಯೂ ಹೋಗಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಒಂದು ಫೋನ್ ಮಾಡಿ. ಆ ಪಟ್ಟಿಯ ಒಂದು ಸಾಲು ನಿಮ್ಮದಾಗಲಿ.