ಬಟಾಣಿಯನ್ನು ಬಾಟಲಿಗೆ ತುಂಬಿದ ಮಿಠಾಯಿಗಾರ

ನಾನು ದೆಹಲಿಗೆ ಬಂದು 22 ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಸಾಗರದಿಂದ ನಮ್ಮ ಮನೆಗೆ ಎಷ್ಟು ಬಾಟಲಿ ಬಂದಿವೆಯೋ ಲೆಕ್ಕವಿಟ್ಟವರಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ನಿಂಬೆಕಾಯಿ, ಜೋನಿಬೆಲ್ಲ, ತುಪ್ಪ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ಮೇಲೆ ಮುಚ್ಚಳ ಬಿಗಿದು, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ಸಂಪರ್ಕ ಕ್ರಾಂತಿಯಲ್ಲಿ ಬರುವ ಯಾರದೋ ಬ್ಯಾಗಿನಲ್ಲಿಟ್ಟು ಅಮ್ಮ ಕಳಿಸುತ್ತಾಳೆ. ಇಲ್ಲಿಂದ ಅಲ್ಲಿಗೆ ನಾನು ಕಳಿಸಿದ್ದು ದುಡ್ಡು, ಸ್ವೆಟರು, ಮೊಣಕಾಲಿನ ಪಟ್ಟಿ. ನಾನೇ ಬೆಳೆದದ್ದು, ತಿನ್ನುವಂಥದ್ದು, ಒಂದೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಆ ಆಸೆ ಹುಟ್ಟಿತು. ತಾರಸಿಯ ಮೇಲೆ ಕುಂಡಗಳಲ್ಲಿ ಹಾಕಿದ ಬಟಾಣಿ ಚೆನ್ನಾಗಿ ಬಂತು. ದೆಹಲಿಯ ಜನವರಿಯ ಬಟಾಣಿ ಎಂದರೆ ಗೊತ್ತಲ್ಲ, ಸುಲಿಯುತ್ತ ಕೂತವರು ಅರ್ಧ ತಿಂದು ಮುಗಿಸುವಷ್ಟು ಸಿಹಿ. ಅದನ್ನು ಹಾಗೆಯೇ ಬಾಟಲಿಯಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಅಮ್ಮನಿಗೆ ಒಯ್ಯಬೇಕು ಅನಿಸಿತು. ಹೇಗೆಂದು ಹುಡುಕುತ್ತ ಹೋದಾಗ ಸಿಕ್ಕವನು ನಿಕೊಲಾ ಅಪೇರ್. ಬಟಾಣಿಯಿಂದಲೇ ಹೆಸರಾದ ಮನುಷ್ಯ. ಆತನ ಕತೆಯಲ್ಲಿ ನಾನು ಎಷ್ಟು ಮುಳುಗಿದೆನೆಂದರೆ ಬಾಟಲಿಯ ವಿಷಯದಲ್ಲಿ ಒಂದು ದೊಡ್ಡ ತಪ್ಪನ್ನೇ ಮಾಡಿಬಿಟ್ಟೆ. ಅದನ್ನು ಆಮೇಲೆ ಹೇಳುತ್ತೇನೆ.

ಅಪೇರ್ ಹುಟ್ಟಿದ್ದು 1749ರ ನವೆಂಬರ್ 17ರಂದು, ಫ್ರಾನ್ಸಿನ ಶಾಂಪೇನ್ ಸೀಮೆಯ ಶಾಲೋನ್ ಊರಿನಲ್ಲಿ. ತಂದೆ ದಾರಿಹೋಕರು ತಂಗುವ ವಸತಿಗೃಹ ನಡೆಸುತ್ತಿದ್ದ. ಹುಡುಗ ವಿದ್ಯೆ ಕಲಿತದ್ದು ಅಲ್ಲಿನ ಅಡುಗೆಮನೆಯಲ್ಲಿ, ನೆಲಮಾಳಿಗೆಯಲ್ಲಿ. ಶಾಂಪೇನ್ ಸೀಮೆಯವನಾದ್ದರಿಂದ ದಪ್ಪ ಗಾಜಿನ ಬಾಟಲಿ, ಬಿಗಿಯಾಗಿ ಹೊಡೆದ ಬೂಚು, ಬೂಚು ಹಾರದಂತೆ ಕಟ್ಟುವ ತಂತಿ ಇವೆಲ್ಲ ಅವನಿಗೆ ನಮಗೆ ಭರಣಿ ಇದ್ದಷ್ಟೇ ಪರಿಚಿತ. ಮುಂದೆ ಅವನ ಕೈಹಿಡಿದದ್ದು ಇದೇ ತಿಳಿವಳಿಕೆ.

ಪ್ರಾಯಕ್ಕೆ ಬಂದ ಮೇಲೆ ಆತನೂ ನಮ್ಮ ಹಾಗೆ ಊರು ಬಿಟ್ಟ. ಸ್ವೈಬ್ರುಕೆನ್ ಎಂಬ ಜರ್ಮನ್ ಸಂಸ್ಥಾನದ ಡ್ಯೂಕ್ ನಾಲ್ಕನೆಯ ಕ್ರಿಸ್ಟಿಯನ್ ಮನೆಯಲ್ಲಿ ಪಾಕಶಾಲೆಯ ಕೆಲಸಕ್ಕೆ ಸೇರಿದ. ಡ್ಯೂಕ್ ತೀರಿಕೊಂಡ ಮೇಲೆ ಅವನ ಹೆಂಡತಿಯ ಮನೆಯಲ್ಲಿ ಮುಂದುವರಿದ. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡವರ ಊಟದ ಮೇಜಿನ ಹಿಂದೆ ಕಳೆದು, 1784ರ ಹೊತ್ತಿಗೆ ಪ್ಯಾರಿಸಿಗೆ ಬಂದು ಲೊಂಬಾರ್ ಬೀದಿಯಲ್ಲಿ ಸ್ವಂತ ಮಿಠಾಯಿ ಅಂಗಡಿ ತೆರೆದ.

ಮಿಠಾಯಿಗಾರನ ಕೆಲಸವೇ ಹಣ್ಣನ್ನು ಉಳಿಸುವುದು. ಪಾಕದಲ್ಲಿ ಕುದಿಸಿದ ಹಣ್ಣು ಕೆಡುವುದಿಲ್ಲ, ಆದರೆ ಅದು ಹಣ್ಣಾಗಿಯೂ ಉಳಿಯುವುದಿಲ್ಲ. ಎಲ್ಲವೂ ಸಕ್ಕರೆಯೇ. ಉಪ್ಪಿಗೆ ಹಾಕಿದರೆ ಉಪ್ಪು, ವಿನೆಗರ್‌ಗೆ ಹಾಕಿದರೆ ಹುಳಿ, ಒಣಗಿಸಿದರೆ ನಾರು. ನಮ್ಮ ಅಪ್ಪೆಮಿಡಿ ಉಪ್ಪುನೀರಿನಲ್ಲಿ ಸುಕ್ಕಾಗಿ, ಸಾಸಿವೆ ಮೆಣಸಿನಲ್ಲಿ ಮಿಂದು ಬೇರೆಯೇ ಒಂದು ಪದಾರ್ಥವಾಗುತ್ತದೆ. ನಮಗೆ ಬೇಕಾದದ್ದೂ ಅದೇ. ಆದರೆ ಅಪೇರ್‌ಗೆ ಬೇಕಾಗಿದ್ದು ಬೇರೆ. ಜೂನ್ ತಿಂಗಳಲ್ಲಿ ಕೊಯ್ದ ಬಟಾಣಿ ಡಿಸೆಂಬರಿನಲ್ಲೂ ಬಟಾಣಿಯ ರುಚಿಯನ್ನೇ ಕೊಡಬೇಕು.

ಆ ಯೋಚನೆ ಕೈಗೂಡುವ ಮೊದಲು ಫ್ರಾನ್ಸಿನ ಕ್ರಾಂತಿ ಬಂತು. ಅಪೇರ್ ಅದರಲ್ಲಿ ಉತ್ಸಾಹದಿಂದಲೇ ಧುಮುಕಿದ. ತನ್ನ ಬಡಾವಣೆಯ ಕ್ರಾಂತಿಸಭೆಯಲ್ಲಿ ಮುಖ್ಯ ಸ್ಥಾನದಲ್ಲಿದ್ದ. ಆದರೆ 1794ರಲ್ಲಿ, ನಿನ್ನೆಯ ಗೆಳೆಯನನ್ನು ಇಂದು ಅನುಮಾನಿಸುವ ಕಾಲದಲ್ಲಿ, ಅವನನ್ನೇ ಹಿಡಿದು ಜೈಲಿಗೆ ಹಾಕಿದರು. ಗಿಲೊಟಿನ್ ದಿನವೂ ಕೆಲಸ ಮಾಡುತ್ತಿದ್ದ ತಿಂಗಳುಗಳು ಅವು. ಸುಮಾರು ಮೂರು ತಿಂಗಳ ನಂತರ ಆತ ಜೀವಂತ ಹೊರಬಂದದ್ದೇ ದೊಡ್ಡದು. ಬಂದವನು ರಾಜಕೀಯ ಬಿಟ್ಟು ಬಾಟಲಿ ಹಿಡಿದ.

1795ರ ಸುಮಾರಿಗೆ ಪ್ಯಾರಿಸಿನ ಗಲಾಟೆಯಿಂದ ಇವ್ರಿ ಎಂಬ ಊರಿಗೆ ಹೋಗಿ ಪ್ರಯೋಗಕ್ಕೆ ಕೂತ. ಆತನಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಸೂಕ್ಷ್ಮಾಣು ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಬೆಂಕಿ ಪದಾರ್ಥವನ್ನು ಉಳಿಸುತ್ತದೆ, ಗಾಳಿ ಕೆಡಿಸುತ್ತದೆ. ಹಾಗಾದರೆ ಮೊದಲು ಬಾಟಲಿಗೆ ತುಂಬಿ, ಬೂಚು ಹೊಡೆದು, ಆಮೇಲೆ ಕುದಿಸಿದರೆ? ಈ ಹಿಂದುಮುಂದು ಮಾಡಿದ ಕ್ರಮದಲ್ಲೇ ಇಡೀ ಗುಟ್ಟು ಅಡಗಿತ್ತು.

ವಿಧಾನ ಕೇಳಿದರೆ ಸುಲಭ. ಅಗಲ ಬಾಯಿಯ ದಪ್ಪ ಬಾಟಲಿ. ಅದರೊಳಗೆ ಆಗಷ್ಟೇ ಕೊಯ್ದು ಸುಲಿದ ಬಟಾಣಿ, ತಟ್ಟಿ ತಟ್ಟಿ ಕೂರಿಸಬೇಕು, ಮೇಲೆ ಸ್ವಲ್ಪ ಜಾಗ ಬಿಡಬೇಕು. ಒಳ್ಳೆಯ ಬೂಚನ್ನು ಅದುಮಿ ಮೆದುಗೊಳಿಸಿ, ಹೊಡೆದು, ತಂತಿ ಬಿಗಿಯಬೇಕು. ಒಂದೊಂದು ಬಾಟಲಿಗೂ ಒಂದೊಂದು ಗೋಣಿಬಟ್ಟೆಯ ಚೀಲ, ಒಂದಕ್ಕೊಂದು ತಾಗಿ ಒಡೆಯದಿರಲೆಂದು. ನೀರಿನ ಹಂಡೆಯಲ್ಲಿ ನಿಲ್ಲಿಸಿ ಕುದಿಸಬೇಕು. ತಂಪಾದ ವರ್ಷದ ಬಟಾಣಿಗೆ ಒಂದೂವರೆ ತಾಸು, ಬಿಸಿಲು ಹೆಚ್ಚಾದ ವರ್ಷದ ಬಟಾಣಿಗೆ ಎರಡು ತಾಸು. ಇಂಥ ಲೆಕ್ಕ ಪುಸ್ತಕದಿಂದ ಬರುವುದಲ್ಲ. ಒಡೆದ ಬಾಟಲಿ, ಹಾರಿದ ಬೂಚು, ನಾರುವ ಪದಾರ್ಥ ಎಲ್ಲವನ್ನೂ ವರ್ಷಗಟ್ಟಲೆ ನೋಡಿದ ಕಣ್ಣಿಗೆ ಮಾತ್ರ ಸಿಗುವಂಥದ್ದು. ನಮ್ಮಮ್ಮ ಮಿಡಿಯನ್ನು ಬೆರಳಿಂದ ಒತ್ತಿ, ಇನ್ನೆರಡು ದಿನ ಇರಲಿ ಎನ್ನುತ್ತಾಳಲ್ಲ, ಅದೇ ಜಾತಿಯ ಜ್ಞಾನ.

1802ರ ಹೊತ್ತಿಗೆ ಪ್ಯಾರಿಸಿನ ದಕ್ಷಿಣಕ್ಕಿರುವ ಮಸ್ಸಿಯಲ್ಲಿ ಕಾರ್ಖಾನೆ ಕಟ್ಟಿದ. ಆಹಾರವನ್ನು ಹೀಗೆ ತುಂಬಿಡುವ ಜಗತ್ತಿನ ಮೊದಲ ಕಾರ್ಖಾನೆ ಅದು. ಗಿಡದಿಂದ ಕೊಯ್ದ ಕಾಯಿ ತಡಮಾಡದೆ ಬಾಟಲಿ ಸೇರಬೇಕೆಂಬುದು ಅವನ ಹಟ, ಹಾಗಾಗಿ ಬಟಾಣಿ, ಬೀನ್ಸ್ ಬೆಳೆಯುವ ತೋಟವೂ ಜೊತೆಗೇ ಇತ್ತು. ಫ್ರೆಂಚ್ ನೌಕಾಪಡೆ ಬ್ರೆಸ್ಟ್ ಬಂದರಿನಲ್ಲಿ ಅವನ ಬಾಟಲಿಗಳನ್ನು ತಿಂಗಳುಗಟ್ಟಲೆ ಇಟ್ಟು ಪರೀಕ್ಷಿಸಿ, ಒಳಗಿನ ತರಕಾರಿಗೆ ಹೊಸದರ ರುಚಿಯೇ ಇದೆಯೆಂದು ಒಪ್ಪಿತು. ಒಣ ಬಿಸ್ಕತ್ತು, ಉಪ್ಪು ಮಾಂಸ ತಿಂದು ತಿಂದು ಸ್ಕರ್ವಿಯಲ್ಲಿ ಒಸಡು ಕೊಳೆಯುತ್ತಿದ್ದ ನಾವಿಕರಿಗೆ ಇದರ ಬೆಲೆ ಎಷ್ಟೆಂದು ಊಹಿಸಬಹುದು. ಆದರೂ 1806ರ ಕೈಗಾರಿಕಾ ಪ್ರದರ್ಶನದಲ್ಲಿ ಆತ ತನ್ನ ಬಾಟಲಿಗಳನ್ನು ಇಟ್ಟಾಗ ಒಂದು ಬಹುಮಾನವೂ ಬರಲಿಲ್ಲ.

ನೆಪೋಲಿಯನ್ ಸೇನೆಗಾಗಿ ಬಹುಮಾನ ಘೋಷಿಸಿದ, ಅಪೇರ್ ಅದನ್ನು ಗೆದ್ದ ಎಂಬ ಕತೆ ಎಲ್ಲ ಕಡೆ ಓದಲು ಸಿಗುತ್ತದೆ. ನಡೆದದ್ದು ಅಷ್ಟು ಸಿನಿಮಾದಂತಿಲ್ಲ. 1810ರಲ್ಲಿ ಫ್ರಾನ್ಸಿನ ಗೃಹ ಸಚಿವಾಲಯ ಅವನ ಮುಂದೆ ಒಂದು ಆಯ್ಕೆ ಇಟ್ಟಿತು. ಪೇಟೆಂಟ್ ಮಾಡಿಸಿ ಗುಟ್ಟನ್ನು ತನ್ನದಾಗಿ ಇಟ್ಟುಕೊಳ್ಳಬಹುದು, ಇಲ್ಲವೇ 12,000 ಫ್ರಾಂಕ್ ಪಡೆದು ವಿಧಾನವನ್ನು ಪುಸ್ತಕ ಮಾಡಿ ಎಲ್ಲರಿಗೂ ಕೊಡಬಹುದು. ಆತ ಎರಡನೆಯದನ್ನು ಆರಿಸಿಕೊಂಡ. ಅದೇ ವರ್ಷ ಪುಸ್ತಕ ಬಂತು. ಯಾವ ತರಕಾರಿಗೆ ಎಷ್ಟು ಹೊತ್ತು, ಯಾವ ಬೂಚು, ಎಂಥ ಬಾಟಲಿ ಎಂಬುದನ್ನು ಮನೆಯ ಹೆಂಗಸರಿಗೂ ಅರ್ಥವಾಗುವಂತೆ ಬರೆದಿದ್ದ. ಮನೆಯ ಒಲೆಯ ಮೇಲೆ ತೋಟದ ಬೆಳೆಯನ್ನು ಬಾಟಲಿಗೆ ತುಂಬುವ ಪದ್ಧತಿಯ ಬೇರು ಆ ಪುಸ್ತಕದಲ್ಲಿದೆ.

ಕೊಟ್ಟದ್ದಕ್ಕೆ ಆತ ತೆತ್ತ ಬೆಲೆಯೂ ಸಣ್ಣದಲ್ಲ. ಅದೇ 1810ರಲ್ಲಿ ಲಂಡನ್ನಿನಲ್ಲಿ ಪೀಟರ್ ಡ್ಯುರಾಂಡ್ ಎಂಬಾತ ಇದೇ ವಿಧಾನಕ್ಕೆ ಪೇಟೆಂಟ್ ಪಡೆದ, ತವರದ ಡಬ್ಬಿಯನ್ನೂ ಸೇರಿಸಿ. 1813ರ ಹೊತ್ತಿಗೆ ಅಲ್ಲಿ ಡಾಂಕಿನ್ ಮತ್ತು ಹಾಲ್ ಕಾರ್ಖಾನೆ ಬ್ರಿಟಿಷ್ ನೌಕಾಪಡೆಗೆ ಡಬ್ಬಿ ಒದಗಿಸುತ್ತಿತ್ತು. ಗಾಜು ಒಡೆಯುತ್ತದೆ, ತವರದ ಡಬ್ಬಿ ಒಡೆಯುವುದಿಲ್ಲ. ಮುಂದಿನ ಕಾಲ ಡಬ್ಬಿಯದಾಯಿತು. ಇತ್ತ 1814ರಲ್ಲಿ ನೆಪೋಲಿಯನ್ ಸೋತು ಶತ್ರು ಸೇನೆಗಳು ಫ್ರಾನ್ಸಿಗೆ ನುಗ್ಗಿದಾಗ ಮಸ್ಸಿಯ ಕಾರ್ಖಾನೆ ಹಾಳಾಯಿತು. ಅಪೇರ್‌ಗೆ ಆಗ 64 ವರ್ಷ. ಆ ವಯಸ್ಸಿನಲ್ಲಿ ಮತ್ತೆ ಶುರುಮಾಡಿದ. ಪ್ಯಾರಿಸಿನಲ್ಲಿ ಹೊಸ ಕೆಲಸದ ಮನೆ ಹೂಡಿ, ತಾನೂ ತವರದ ಡಬ್ಬಿ ಕಲಿತ.

1822ರಲ್ಲಿ ಫ್ರಾನ್ಸಿನ ಕೈಗಾರಿಕಾ ಪ್ರೋತ್ಸಾಹ ಸಂಘ ಅವನಿಗೆ ಮಾನವಕುಲದ ಉಪಕಾರಿ ಎಂಬ ಬಿರುದು ಕೊಟ್ಟಿತು. ಬಿರುದಿನಿಂದ ಹೊಟ್ಟೆ ತುಂಬುವುದಿಲ್ಲ. 1841ರ ಜೂನ್ 1ರಂದು, 91ನೆಯ ವಯಸ್ಸಿನಲ್ಲಿ ಮಸ್ಸಿಯಲ್ಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ಬಡವರ ಸಾಮೂಹಿಕ ಗುಂಡಿಯಲ್ಲಿ. ಇಂದು ಅವನ ಸಮಾಧಿ ಎಂದು ತೋರಿಸಲು ಒಂದು ಕಲ್ಲೂ ಇಲ್ಲ.

ಅವನ ಬಾಟಲಿ ಏಕೆ ಕೆಡಲಿಲ್ಲ ಎಂಬುದಕ್ಕೆ ಆ ಕಾಲದ ದೊಡ್ಡ ವಿಜ್ಞಾನಿ ಗೇ ಲ್ಯುಸಾಕ್ ಕೊಟ್ಟ ಉತ್ತರ ಆಮ್ಲಜನಕ ಇಲ್ಲದ್ದರಿಂದ ಎಂದು. ಸರಿಯಾದ ಉತ್ತರ ಕೊಟ್ಟವನು ಲೂಯಿ ಪಾಸ್ತರ್, 1860ರ ದಶಕದಲ್ಲಿ. ಕೆಡಿಸುವುದು ಗಾಳಿಯಲ್ಲ, ಕಣ್ಣಿಗೆ ಕಾಣದ ಜೀವಿಗಳು, ಕುದಿಸಿದಾಗ ಸಾಯುವುದು ಅವು. ಅಪೇರ್‌ಗೆ ಬಿರುದು ಬಂದ 1822ರಲ್ಲೇ ಪಾಸ್ತರ್ ಹುಟ್ಟಿದ್ದ. ತನ್ನ ಬಾಟಲಿಯೊಳಗೆ ಏನಾಗುತ್ತಿದೆಯೆಂದು ತಿಳಿಯದೆಯೇ ಅಪೇರ್ ಹೋಗಿಬಿಟ್ಟ.

ನನ್ನ ತಪ್ಪು ಇರುವುದೂ ಅಲ್ಲೇ. ಅಪೇರ್‌ಗೆ ತಿಳಿಯದಿದ್ದದ್ದು ಇಂದು ತಿಳಿದಿದೆ, ನಾನು ಅದನ್ನು ಓದಿರಲಿಲ್ಲ. ಅವನ ಕ್ರಮದಲ್ಲೇ ಆರು ಬಾಟಲಿ ಬಟಾಣಿ ತುಂಬಿ, ಎರಡು ತಾಸು ಕುದಿಸಿ, ತಣಿದ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಎಲ್ಲರೂ ಹೊಗಳಿದರು. ಆಹಾರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಧಾರವಾಡದ ಗೆಳತಿಯೊಬ್ಬರು ಮಾತ್ರ ಹೊಗಳದೆ ನೇರ ಫೋನ್ ಮಾಡಿದರು. ಯಾರಾದರೂ ತಿಂದಿದ್ದೀರಾ ಎಂಬುದು ಅವರ ಮೊದಲ ಪ್ರಶ್ನೆ.

ಅವರು ಬಿಡಿಸಿ ಹೇಳಿದ್ದು ಹೀಗೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಣಗಳು 100 ಡಿಗ್ರಿಯ ಕುದಿಯುವ ನೀರಿನಲ್ಲಿ ತಾಸುಗಟ್ಟಲೆ ಇದ್ದರೂ ಸಾಯದಿರಬಹುದು. ಗಾಳಿಯಿಲ್ಲದ, ಹುಳಿಯಿಲ್ಲದ ಮುಚ್ಚಿದ ಬಾಟಲಿ ಅದಕ್ಕೆ ತವರುಮನೆ. ಅಲ್ಲಿ ಬೆಳೆದು ಬಿಡುವ ವಿಷ ನರಗಳನ್ನು ಹಿಡಿದು ಉಸಿರನ್ನೇ ನಿಲ್ಲಿಸಬಲ್ಲದು. ಬಾಟಲಿ ನೋಡಲು ಚೆನ್ನಾಗಿಯೇ ಇರಬಹುದು, ವಾಸನೆಯೂ ಬಾರದಿರಬಹುದು. ಬಟಾಣಿ, ಬೀನ್ಸ್, ಜೋಳ, ಕ್ಯಾರೆಟ್‌ನಂಥ ಹುಳಿಯಿಲ್ಲದ ತರಕಾರಿಗೆ ಸುಮಾರು 116ರಿಂದ 121 ಡಿಗ್ರಿ ಶಾಖ ಬೇಕು, ಅದಕ್ಕೆಂದೇ ಮಾಡಿದ ಪ್ರೆಷರ್ ಕ್ಯಾನರ್ ಬೇಕು. ನಮ್ಮ ಅನ್ನ ಬೇಳೆಯ ಕುಕ್ಕರ್ ಸಾಲದು, ಅದು ಬೇಗ ಕಾದು ಬೇಗ ತಣಿಯುತ್ತದೆ, ಪರೀಕ್ಷಿಸಿದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿರುವ ಹುಳಿ ಪದಾರ್ಥದಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯದು. ಆದ್ದರಿಂದ ಬರೀ ಕುದಿಯುವ ನೀರಿನಲ್ಲಿ ಮಾಡಬಹುದಾದದ್ದು ಹುಳಿ ಹಣ್ಣುಗಳು, ಹುಳಿ ಸೇರಿಸಿದ ಟೊಮೆಟೊ, ಜಾಮ್ ಇಂಥವು. ಟೊಮೆಟೊ ಹುಳಿಯೆಂದು ನಂಬಿ ಕೂರುವಂತಿಲ್ಲ, ಅರ್ಧ ಲೀಟರ್ ಬಾಟಲಿಗೆ ಕಾಲು ಟೀಚಮಚ ಸಿಟ್ರಿಕ್ ಆಮ್ಲ ಹಾಕಲೇಬೇಕು.

ಆ ರಾತ್ರಿ ನಿದ್ದೆ ಬರಲಿಲ್ಲ. ಹುಳಿ, ಉಪ್ಪು, ಖಾರದ ಭರಣಿಯನ್ನು ಅರವತ್ತು ವರ್ಷದಿಂದ ಕಾಯ್ದ ಅಮ್ಮನಿಗೆ ನಾನು ಪ್ರೀತಿಯಿಂದ ಒಯ್ಯಲು ಹೊರಟದ್ದು ಏನನ್ನು? ಬೆಳಿಗ್ಗೆ ಆರೂ ಬಾಟಲಿಗಳನ್ನು ತೆರೆಯದೆ, ಎರಡು ಚೀಲದಲ್ಲಿ ಬಿಗಿದು ಕಟ್ಟಿ ಕಸಕ್ಕೆ ಹಾಕಿದೆ. ಒಂದು ಕಾಳೂ ಬಾಯಿಗೆ ಹೋಗಲಿಲ್ಲ. ಅಪೇರ್ ಮೇಲೆ ಸಿಟ್ಟೇನೂ ಬರಲಿಲ್ಲ. ಆತ ತನಗೆ ತಿಳಿದಷ್ಟನ್ನೂ ಬಚ್ಚಿಡದೆ ಕೊಟ್ಟಿದ್ದ. ಮಿಕ್ಕದ್ದನ್ನು ಆಮೇಲೆ ಬಂದವರು ಸೇರಿಸಿದ್ದರು. ನಾನು ಮೊದಲ ಪುಟ ಓದಿ ಪುಸ್ತಕ ಮುಚ್ಚಿದ್ದೆ, ಅಷ್ಟೇ.

ಮಾರ್ಚಿನಲ್ಲಿ ಟೊಮೆಟೊ ಬಂತು. ಈ ಸಲ ಗೆಳತಿಯನ್ನು ಫೋನಿನಲ್ಲಿ ಪಕ್ಕಕ್ಕೆ ಇಟ್ಟುಕೊಂಡೇ, ಆಮ್ಲ ಅಳೆದು, ಗಡಿಯಾರ ನೋಡಿ ನಾಲ್ಕು ಬಾಟಲಿ ಮಾಡಿದೆ. ಬೇಸಿಗೆಯಲ್ಲಿ ಹಳೆ ಟವೆಲಿನಲ್ಲಿ ಸುತ್ತಿ ಊರಿಗೆ ಒಯ್ದೆ. ಅಮ್ಮನಿಗೆ ಅಪೇರ್ ಕತೆ ಹೇಳಿದರೆ ಅವಳ ಕಿವಿಗೆ ಬಿದ್ದದ್ದು ಅಪ್ಪೆ ಮಾತ್ರ. ಫ್ರಾನ್ಸಿನಲ್ಲೂ ಅಪ್ಪೆಮಿಡಿ ಉಂಟೇ ಎಂದು ಕೇಳಿದಳು. ಅವನಿಗೆ ಗೋರಿಯೂ ಇಲ್ಲವೆಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಷ್ಟು ಜನರಿಗೆ ಊಟ ಹಾಕಿದವನಿಗೆ ಹಾಗಾಗಬಾರದಿತ್ತು ಎಂದಳು.

ಮರುದಿನ ಆ ಟೊಮೆಟೊದ ಸಾರು ಮಾಡಿ, ಉಪ್ಪು ಕಡಿಮೆ ಎಂದು ನನ್ನ ಮೇಲೇ ಹಾಕಿ, ಎರಡು ಸಲ ಬಡಿಸಿಕೊಂಡಳು. ಆಮೇಲೆ ಖಾಲಿ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿದಳು. ನಾನು ಹೊರಡುವ ದಿನ ಅದು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ನನ್ನ ಬ್ಯಾಗಿನಲ್ಲಿ ಕೂತಿತ್ತು, ಈ ವರ್ಷದ ಮಿಡಿ ಉಪ್ಪಿನಕಾಯಿ ತುಂಬಿಕೊಂಡು.