ಶರಚ್ಚಂದ್ರ ದಾಸರು

1849ರಲ್ಲಿ ಚಿತ್ತಗಾಂಗಿನಲ್ಲಿ ಜನಿಸಿದ ಶರಚ್ಚಂದ್ರ ದಾಸರು 1874ರಲ್ಲಿ ಡಾರ್ಜಿಲಿಂಗಿನ ಭೂತಿಯಾ ವಸತಿಶಾಲೆಯ ಮುಖ್ಯೋಪಾಧ್ಯಾಯರಾದರು. ಬಂಗಾಳಿ, ಇಂಗ್ಲಿಷ್, ಸಂಸ್ಕೃತಗಳನ್ನು ಬಲ್ಲ ಅವರು ಅಲ್ಲಿ ಟಿಬೆಟನ್ ಭಾಷೆಯನ್ನೂ ಕರಗತ ಮಾಡಿಕೊಂಡರು. ಪರಕೀಯರಿಗೆ ಮುಚ್ಚಿದ್ದ ಟಿಬೆಟ್ಟಿಗೆ 1879ರಲ್ಲಿ ಒಮ್ಮೆ, 1881ರಲ್ಲಿ ಮತ್ತೊಮ್ಮೆ ತೆರಳಿದರು. 1882ರಲ್ಲಿ ಲ್ಹಾಸಾವನ್ನೂ ಕಂಡರು. ಹೊರಗೆ ಧರ್ಮಗ್ರಂಥಗಳ ಅಧ್ಯಯನ. ಒಳಗೆ ಬ್ರಿಟಿಷ್ ಸರ್ಕಾರಕ್ಕಾಗಿ ಬೇಹು. ಅಧ್ಯಯನವೂ ಸೋಗಾಗಿರಲಿಲ್ಲವೆಂದೇ ನಾವು ಭಾವಿಸುತ್ತೇವೆ. ತಾಶಿಲ್ಹುಂಪೋ ಮಠದಲ್ಲಿ, ಹೊಸ ವಿದ್ಯೆಗಳಲ್ಲಿ ಆಸಕ್ತರಾಗಿದ್ದ ಸೆಂಗ್‌ಚೆನ್ ಲಾಮಾ ಅವರಿಗೆ ಆಶ್ರಯವಿತ್ತರು. ದಾಸರು ಸುರಕ್ಷಿತವಾಗಿ ಹಿಂದಿರುಗಿದ ಬಳಿಕ ಗುಟ್ಟು ಬಯಲಾಯಿತು. ಆಶ್ರಯವಿತ್ತ ತಪ್ಪಿಗೆ ಲಾಮಾರನ್ನು 1887ರಲ್ಲಿ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ದಾಸರ ಟಿಬೆಟನ್-ಇಂಗ್ಲಿಷ್ ನಿಘಂಟನ್ನು ತೆರೆಯುವಾಗ ನಮಗೆ ಆ ಲಾಮಾರ ನೆನಪೂ ಆಗುತ್ತದೆ. ಅದು 1902ರಲ್ಲಿ ಪ್ರಕಟವಾಯಿತು. 1917ರಲ್ಲಿ ದಾಸರು ದಿವಂಗತರಾದರು.